ತಕ್ಕಡಿ ಇಲ್ಲದ ರಸಾಯನ ಪೆಟ್ಟಿಗೆ

ಪೆಟ್ಟಿಗೆ ಬಿಚ್ಚಿದವನು ಮೊದಲು ಹುಡುಕಿದ್ದು ತಕ್ಕಡಿಯನ್ನು. ಥರ್ಮಾಕೋಲಿನ ಗುಳಿಗಳಲ್ಲಿ ಕೂತಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ಎತ್ತಿ ಮೇಜಿನ ಮೇಲಿಟ್ಟೆ. ನಾಲ್ಕು ಟೆಸ್ಟ್ ಟ್ಯೂಬು, ಅವನ್ನು ಹಿಡಿಯುವ ಚಿಮಟ, ಆಲಿಕೆ, ಒಂದು ಕಟ್ಟು ಸೋಸುಕಾಗದ, ಕಾಯಿಸಲು ಚೀನಾ ಡಿಶ್ ಎಂಬ ಪಿಂಗಾಣಿ ಬಟ್ಟಲು, ಸ್ಪಿರಿಟ್ ಲ್ಯಾಂಪು, ಥರ್ಮಾಮೀಟರು, ಆಯಸ್ಕಾಂತ, ಬ್ಯಾಟರಿಗೆ ಹಾಕುವ ಕ್ಲಿಪ್ಪು, ಎರಡು ಗ್ರಾಫೈಟ್ ಕಡ್ಡಿ, ಮೂರು ಸ್ಕೆಚ್ ಪೆನ್ನು. ಪುಟ್ಟ ಡಬ್ಬಿಗಳಲ್ಲಿ ಕಬ್ಬಿಣದ ಪುಡಿ, ಗಂಧಕ, ಮರಳು, ಉಪ್ಪು, ನವಸಾಗರ (ಅಮೋನಿಯಂ ಕ್ಲೋರೈಡ್), ಮೈಲುತುತ್ತ (ತಾಮ್ರದ ಸಲ್ಫೇಟ್). ಎಲ್ಲಕ್ಕಿಂತ ಕೆಳಗೆ, ಬಿರಡೆಗೆ ಮೇಣ ಬಳಿದ ಸೀಸೆಯೊಂದರಲ್ಲಿ ಕಪ್ಪು ಗಟ್ಟಿ. ಅದರ ಮೇಲೆ 'ಸಂಯುಕ್ತ' ಎಂಬ ಚೀಟಿ. ತಕ್ಕಡಿಯ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಅಳತೆ ಚಮಚ.

ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 'ಮಿಶ್ರಣವೋ? ಸಂಯುಕ್ತವೋ? ನೀವೇ ಪತ್ತೆಹಚ್ಚಿ!' ಎಂದಿದೆ. ಸುಮ್ಮನೆ ಬೆರೆತದ್ದು ಮಿಶ್ರಣ, ರಾಸಾಯನಿಕವಾಗಿ ಕೂಡಿ ಬೇರೆ ವಸ್ತುವೇ ಆದದ್ದು ಸಂಯುಕ್ತ. ಚಮಚ ಹಿಡಿದುಕೊಂಡು ಅದನ್ನು ಪತ್ತೆಹಚ್ಚುವುದು ಹೇಗೆ ಎಂಬ ಅನುಮಾನ ಆಗಲೇ ಬಂತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮುದುಕನಿಗೆ ಯಾಕಿಷ್ಟು ತಕರಾರು ಅಂದುಕೊಳ್ಳುತ್ತೀರಿ. ನಾನು ಮೇಷ್ಟ್ರಲ್ಲ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ 31 ವರ್ಷ ಅಟೆಂಡರ್ ಆಗಿದ್ದೆ. ಪಾಠ ಮಾಡುವವರು ಪಾಠ ಮಾಡಿ ಹೋದ ಮೇಲೆ ಟ್ಯೂಬು ತೊಳೆಯುವುದು ನನ್ನ ಕೆಲಸ. ಯಾವ ಕಲೆ ನೀರಿಗೇ ಹೋಗುತ್ತದೆ, ಯಾವುದಕ್ಕೆ ಆಸಿಡ್ ಬೇಕು, ಯಾವುದು ಏನು ಮಾಡಿದರೂ ಹೋಗದೆ ಟ್ಯೂಬನ್ನೇ ಎಸೆಯಬೇಕು ಅನ್ನುವುದರಿಂದ ನಾನು ಕಲಿತದ್ದು ರಸಾಯನಶಾಸ್ತ್ರ. ಈಗ ಎಂಟನೇ ತರಗತಿಯಲ್ಲಿರುವ ಮೊಮ್ಮಗಳಿಗೆ ಈ ಪೆಟ್ಟಿಗೆ ಉಡುಗೊರೆಯಾಗಿ ಬಂತು. ಮೂರು ಭಾನುವಾರ ಇಬ್ಬರೂ ಕೂತು ಇದರಲ್ಲಿರುವುದನ್ನೆಲ್ಲ ಮಾಡಿ ನೋಡಿದೆವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬೇರ್ಪಡಿಸುವ ಪ್ರಯೋಗಗಳು ಚೆನ್ನಾಗಿವೆ. ಗಾಜು ದಪ್ಪಗಿದೆ, ಲ್ಯಾಂಪಿನ ಬತ್ತಿ ಸರಿಯಾಗಿ ಉರಿಯುತ್ತದೆ, ಸೋಸುಕಾಗದ ಹರಿಯುವುದಿಲ್ಲ. ಮರಳು ಮತ್ತು ಉಪ್ಪನ್ನು ಬೆರೆಸಿ, ನೀರು ಹಾಕಿ ಕಲಕಿ, ಸೋಸಿ, ಸೋಸಿದ ನೀರನ್ನು ಚೀನಾ ಡಿಶ್‌ನಲ್ಲಿ ಕಾಯಿಸಿದರೆ ಉಪ್ಪು ವಾಪಸ್ಸು ಬರುತ್ತದೆ. ಕೈಪಿಡಿಯಲ್ಲಿ ಬರೆಯದ ಎರಡು ವಿಷಯ ನಾನು ಸೇರಿಸುತ್ತೇನೆ: ಸೋಸುಕಾಗದದ ಮೇಲೆ ಉಳಿದ ಮರಳಿಗೆ ಇನ್ನೆರಡು ಸಲ ಸ್ವಲ್ಪ ಸ್ವಲ್ಪ ನೀರು ಹಾಕಿ, ಇಲ್ಲದಿದ್ದರೆ ಉಪ್ಪಿನ ಒಂದು ಪಾಲು ಅಲ್ಲೇ ಉಳಿಯುತ್ತದೆ, ಡಿಶ್‌ನಲ್ಲಿ ಇನ್ನೂ ಚೂರು ನೀರಿರುವಾಗಲೇ ಲ್ಯಾಂಪು ಆರಿಸಿ, ಇಲ್ಲದಿದ್ದರೆ ಉಪ್ಪು ಚಟಪಟ ಎಂದು ಮುಖಕ್ಕೆ ಸಿಡಿಯುತ್ತದೆ. ಕಪ್ಪು ಸ್ಕೆಚ್ ಪೆನ್ನಿನ ಶಾಯಿ ಸೋಸುಕಾಗದದ ಮೇಲೆ ನೀಲಿ, ಗುಲಾಬಿ, ಹಳದಿಯಾಗಿ ಒಡೆದುಕೊಂಡು ಮೇಲೇರುವುದನ್ನು ನೋಡುವಾಗ ನನ್ನ ಮೊಮ್ಮಗಳಿಗಿಂತ ನಾನೇ ಹೆಚ್ಚು ಹೊತ್ತು ಬಗ್ಗಿ ಕೂತಿದ್ದೆ. ಗೆರೆಯನ್ನು ಮಾತ್ರ ಸೀಸದ ಕಡ್ಡಿಯಿಂದ ಎಳೆಯಿರಿ, ಪೆನ್ನಿನಿಂದ ಎಳೆದರೆ ಗೆರೆಯೂ ಮೇಲೇರಿ ಹೊರಡುತ್ತದೆ.

ಕಬ್ಬಿಣ ಮತ್ತು ಗಂಧಕದ ಮಿಶ್ರಣವೂ ಸರಿಯಾಗಿಯೇ ಇದೆ. ಒಂದು ಚಮಚ ಇದು, ಒಂದು ಚಮಚ ಅದು, ಕಲಸಿ, ಭೂತಗನ್ನಡಿಯಲ್ಲಿ ನೋಡಿ. ಬೂದು ಕಣವೂ ಹಳದಿ ಕಣವೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಆಯಸ್ಕಾಂತ ಆಡಿಸಿದರೆ ಕಬ್ಬಿಣ ಎದ್ದು ಬರುತ್ತದೆ, ಗಂಧಕ ಉಳಿಯುತ್ತದೆ. ದಯವಿಟ್ಟು ಆಯಸ್ಕಾಂತಕ್ಕೆ ಮೊದಲು ಕಾಗದ ಸುತ್ತಿ. ಬರಿ ಆಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಬಿಡಿಸಲು ನಾನು ಕಳೆದ ಗಂಟೆಗಳನ್ನು ಕೂಡಿಸಿದರೆ ಒಂದು ವರ್ಷದ ರಜೆ ಆಗುತ್ತದೆ.

ಇನ್ನು ಕೈಪಿಡಿ. ಕನ್ನಡದಲ್ಲಿ ಕೊಟ್ಟಿದ್ದಾರೆ, ಸಂತೋಷ. ಆದರೆ ಅನುವಾದ ಮಾಡಿದವರು ಟ್ಯೂಬು ಮುಟ್ಟಿದವರಲ್ಲ. ಏಳನೇ ಪುಟದಲ್ಲಿ ಕರಗುವ ಉಪ್ಪು ದ್ರಾವಕ, ಕರಗಿಸುವ ನೀರು ದ್ರಾವ್ಯ ಎಂದು ಉಲ್ಟಾ ಆಗಿದೆ. 'ಸಂಯೋಜನೆ' ಅನ್ನುವ ಪದ ಒಂದು ಕಡೆ ಸಂಯುಕ್ತಕ್ಕೆ, ಇನ್ನೊಂದು ಕಡೆ ಒಂದು ವಸ್ತುವಿನಲ್ಲಿ ಏನೇನಿದೆ ಅನ್ನುವುದಕ್ಕೆ, ಮತ್ತೊಂದು ಕಡೆ ಸುಮ್ಮನೆ ಕಲಸುವುದಕ್ಕೆ ಬಳಕೆಯಾಗಿದೆ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ಹೇಳಲು ಹೊರಟ ಪುಸ್ತಕವೇ ಮೂರಕ್ಕೂ ಒಂದೇ ಪದ ಬಳಸಿದರೆ ಮಗು ಏನು ತಿಳಿಯಬೇಕು?

ಅದರಲ್ಲೊಂದು ಪಟ್ಟಿ ಇದೆ, ಎಡಕ್ಕೆ ಮಿಶ್ರಣ, ಬಲಕ್ಕೆ ಸಂಯುಕ್ತ. ಪರೀಕ್ಷೆಗೆ ಉರು ಹೊಡೆಯಲು ಅನುಕೂಲ. ಅದರ ಮೂರನೇ ಸಾಲು: 'ಮಿಶ್ರಣವಾಗುವಾಗ ಶಾಖ ಹೊರಬರುವುದಿಲ್ಲ, ಹೀರಲ್ಪಡುವುದೂ ಇಲ್ಲ.' ನನ್ನ ಮೊಮ್ಮಗಳು ಅದನ್ನು ಓದಿ, ಸುಮ್ಮನೆ ಕೂರದೆ, ಪೆಟ್ಟಿಗೆಯಲ್ಲೇ ಇದ್ದ ನವಸಾಗರವನ್ನು ಎರಡು ಚಮಚ ಲೋಟದ ನೀರಿಗೆ ಹಾಕಿ ಥರ್ಮಾಮೀಟರು ಅದ್ದಿದಳು. ಪಾದರಸ ಹತ್ತು ಡಿಗ್ರಿಯಷ್ಟು ಜರ್ರನೆ ಇಳಿಯಿತು. ಲೋಟದ ಹೊರಮೈ ತಣ್ಣಗಾಯಿತು.

"ತಾತ, ಹಾಗಾದ್ರೆ ಇದು ಸಂಯುಕ್ತನಾ?"

ಅಲ್ಲ, ಪುಟ್ಟೀ. ಆ ನೀರನ್ನು ತಟ್ಟೆಯಲ್ಲಿ ಹಾಕಿ ಕಿಟಕಿಯ ಹತ್ತಿರ ಇಟ್ಟೆವು. ನಾಲ್ಕು ದಿನಕ್ಕೆ ಅದೇ ನವಸಾಗರ, ಗರಿಗರಿಯಾಗಿ, ತಟ್ಟೆಯ ಅಂಚಿನಲ್ಲಿ ಬಂದು ಕೂತಿತ್ತು. ಅದು ದ್ರಾವಣ, ಅಂದರೆ ಮಿಶ್ರಣವೇ. ಆದರೂ ಶಾಖ ಹೀರಿತು. ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬೆರೆಸುವಾಗ ಉಲ್ಟಾ, ಕೊತಕೊತ ಕುದಿಯುವಷ್ಟು ಬಿಸಿ ಬರುತ್ತದೆ. ಅದಕ್ಕೇ ಯಾವಾಗಲೂ ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು ಎಂದು ಲ್ಯಾಬಿನ ಗೋಡೆಗೆ ನಾನೇ ಬೋರ್ಡು ಬರೆದು ಹಾಕಿದ್ದೆ. ಶಾಖ ನೋಡಿ ಸಂಯುಕ್ತ ಅನ್ನುವ ಹಾಗಿಲ್ಲ. ಆ ಮೂರನೇ ಸಾಲನ್ನು ಹೊಡೆದು ಹಾಕಿಸಿದೆ.

ಅದೇ ಪಟ್ಟಿಯ ಎರಡನೇ ಸಾಲಿನ ಬಗ್ಗೆ ಅವಳದೇ ಇನ್ನೊಂದು ಪ್ರಶ್ನೆ. ಮಿಶ್ರಣದಲ್ಲಿ ಯಾವ ಪ್ರಮಾಣವಾದರೂ ಆಗುತ್ತದೆ ಅಂತ ಬರೆದಿದ್ದಾರೆ, ಆದರೆ ಉಪ್ಪು ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಕರಗುವುದೇ ನಿಂತುಹೋಗುತ್ತದಲ್ಲ? ಒಳ್ಳೆಯ ಪ್ರಶ್ನೆ. ನೂರು ಗ್ರಾಂ ನೀರಿನಲ್ಲಿ ಸಾಮಾನ್ಯ ಬಿಸಿಯಲ್ಲಿ 36 ಗ್ರಾಂ ಉಪ್ಪು ಹಿಡಿಸುತ್ತದೆ, ಅಷ್ಟೇ. ಆದರೆ ಆ 36ರ ಒಳಗೆ 1, 5, 17, 22 ಎಷ್ಟು ಬೇಕಾದರೂ ಹಾಕಿಕೊಳ್ಳಿ, ನೀರು ಬೇಡ ಅನ್ನುವುದಿಲ್ಲ. ಸಂಯುಕ್ತ ಹಾಗಲ್ಲ. ನೀರಿನಲ್ಲಿ ತೂಕದಿಂದ ಒಂದು ಪಾಲು ಜಲಜನಕಕ್ಕೆ ಎಂಟು ಪಾಲು ಆಮ್ಲಜನಕ. ಒಂಬತ್ತು ಪಾಲು ಬೆರೆಸಿದರೆ ಒಂದು ಪಾಲು ಹೊರಗೇ ಉಳಿಯುತ್ತದೆ. ಹದಿನಾರು ಪಾಲಿರುವ ಇನ್ನೊಂದು ವಸ್ತು ಇದೆ, ಹೈಡ್ರೊಜನ್ ಪೆರಾಕ್ಸೈಡ್, ಗಾಯ ತೊಳೆಯುವುದು. ಎಂಟು ಆದ ಮೇಲೆ ಹದಿನಾರು; ನಡುವೆ ಹನ್ನೊಂದು, ಹನ್ನೆರಡು ಅನ್ನುವ ಸಂಯುಕ್ತ ಸಿಗುವುದಿಲ್ಲ. 1800ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಹೇಳಿದ ಪರಮಾಣು ವಾದಕ್ಕೆ ಬಲ ಕೊಟ್ಟದ್ದು ಹೀಗೆ ನೆಗೆಯುವ ಲೆಕ್ಕವೇ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಐದನೇ ಪ್ರಯೋಗ, ನೀರಿನ ವಿದ್ಯುದ್ವಿಭಜನೆ. ನೀರು ಸಂಯುಕ್ತ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ. ಕಾಯಿಸಿ ನೋಡಿ, ಸೋಸಿ ನೋಡಿ, ನೀರು ನೀರಾಗಿಯೇ ಉಳಿಯುತ್ತದೆ. ವಿದ್ಯುತ್ ಹರಿಸಿದಾಗ ಮಾತ್ರ ಎರಡು ಅನಿಲವಾಗಿ ಒಡೆಯುತ್ತದೆ, ಒಂದು ಟ್ಯೂಬಿನಲ್ಲಿ ಇನ್ನೊಂದರ ಎರಡರಷ್ಟು ತುಂಬುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಆದ್ದರಿಂದ ಏನಾದರೂ ಸೇರಿಸಬೇಕು. ಕೈಪಿಡಿ ಏನು ಹೇಳುತ್ತದೆ? 'ಎರಡು ಚಮಚ ಉಪ್ಪು ಹಾಕಿ.'

ಉಪ್ಪು ಹಾಕಿದರೆ ಬ್ಯಾಟರಿಯ ಧನ (+) ತುದಿಗೆ ಸೇರಿಸಿದ ಕಡ್ಡಿಯಲ್ಲಿ ಬರುವುದು ಬಹುಪಾಲು ಕ್ಲೋರಿನ್. ಅರ್ಧ ತಾಸಿನಲ್ಲಿ ಒಂದು ಟ್ಯೂಬು ತುಂಬಿತು, ಇನ್ನೊಂದರಲ್ಲಿ ಬೆರಳಿನ ಉಗುರಿನಷ್ಟು ಮಾತ್ರ ಗುಳ್ಳೆ. ಕ್ಲೋರಿನ್ ನೀರಿನಲ್ಲೇ ಕರಗುತ್ತದೆ, ಹಾಗಾಗಿ ಎರಡಕ್ಕೊಂದು ಬರುವ ಮಾತೇ ಇಲ್ಲ. ಈಜುಕೊಳದ ವಾಸನೆ ಮೂಗಿಗೆ ಬಡಿದ ತಕ್ಷಣ ಕ್ಲಿಪ್ಪು ಕಿತ್ತು, ಕಿಟಕಿ ತೆಗೆದು, ಮೊಮ್ಮಗಳನ್ನು ಹೊರಗೆ ಕಳಿಸಿದೆ. ಕಡಿಮೆ ಪ್ರಮಾಣ, ಏನೂ ಆಗಲಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತು ಮಾಡುವ ಮಗುವಿಗೆ ಈ ಸಲಹೆ ಕೊಡಬಾರದಿತ್ತು. ಉಪ್ಪಿನ ಬದಲು ಬಟ್ಟೆ ಒಗೆಯುವ ವಾಷಿಂಗ್ ಸೋಡ ಹಾಕಿ ಮತ್ತೆ ಮಾಡಿದೆವು. ಆಗ ಸುಮಾರಾಗಿ ಬಂತು. ಸರಿಯಾಗಿ ಎರಡಕ್ಕೊಂದಲ್ಲ, ಆಮ್ಲಜನಕ ಸ್ವಲ್ಪ ಕಮ್ಮಿಯೇ, ಯಾಕೆಂದರೆ ಅದು ಗ್ರಾಫೈಟ್ ಕಡ್ಡಿಯನ್ನೂ ತಿನ್ನುತ್ತದೆ. ನೀರಿನಲ್ಲಿ ಕರಿ ಪುಡಿ ಉದುರಿದ್ದು ಅದರ ಗುರುತು. ಕಾಲೇಜಿನಲ್ಲಿ ಇದಕ್ಕೆ ಹಾಫ್‌ಮನ್ ವೋಲ್ಟಾಮೀಟರ್ ಎಂಬ ಗಾಜಿನ ಉಪಕರಣ ಇತ್ತು, ಪ್ಲಾಟಿನಂ ತಗಡು, ತೆಳು ಸಲ್ಫ್ಯೂರಿಕ್ ಆಮ್ಲ. ಅದನ್ನು ತೊಳೆಯುವಾಗ ನನ್ನ ಕೈ ನಡುಗುತ್ತಿತ್ತು. ಪೆಟ್ಟಿಗೆಯಲ್ಲಿ ಪ್ಲಾಟಿನಂ ಇಲ್ಲವೆಂದು ನಾನು ಜಗಳ ಆಡುವುದಿಲ್ಲ. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಸೋಡದ್ದೊಂದು ಡಬ್ಬಿ ಇಡಬಹುದಿತ್ತಲ್ಲ?

ಆಮೇಲೆ ಆ ಕಪ್ಪು ಗಟ್ಟಿ, ಅಂದರೆ ಕಬ್ಬಿಣವೂ ಗಂಧಕವೂ ಕೂಡಿ ಆಗುವ ಕಬ್ಬಿಣದ ಸಲ್ಫೈಡ್.

ಇದನ್ನು ಹೇಗೆ ಮಾಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ಪ್ರತಿ ವರ್ಷ ಮಾಡಿ ತೋರಿಸುತ್ತಿದ್ದರು. 7 ಗ್ರಾಂ ಕಬ್ಬಿಣ, 4 ಗ್ರಾಂ ಗಂಧಕ ತೂಗಿ, ಕಲ್ಬತ್ತಿನಲ್ಲಿ ಅರೆದು, ಟ್ಯೂಬಿಗೆ ತುಂಬಿ, ತಳಕ್ಕೆ ಬುನ್ಸನ್ ಜ್ವಾಲೆ ಹಿಡಿಯುತ್ತಾರೆ. ಒಂದು ಮೂಲೆ ಕೆಂಡದಂತೆ ಹೊತ್ತಿಕೊಂಡಿತೋ, ಜ್ವಾಲೆ ತೆಗೆದುಬಿಡುತ್ತಾರೆ. ಕೆಂಪು ತಾನೇ ತಾನಾಗಿ ಮೇಲೇರುತ್ತಾ ಹೋಗುತ್ತದೆ. ಹುಡುಗರು 'ಓ' ಎನ್ನುತ್ತಾರೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗುತ್ತಾರೆ. ಟ್ಯೂಬು ನನ್ನ ಕೈಗೆ ಬರುತ್ತದೆ. ಗಟ್ಟಿ ಗಾಜಿಗೆ ಕಚ್ಚಿಕೊಂಡಿರುತ್ತದೆ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯದೆ ಅದು ಹೊರಬರುವುದಿಲ್ಲ. ವರ್ಷಕ್ಕೆ ಐದಾರು ಟ್ಯೂಬು ಈ ಪ್ರಯೋಗಕ್ಕೇ ಬಲಿ. ಆಮೇಲೆ ಆ ಚೂರಿಗೆ ತೆಳು ಆಮ್ಲ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ, ಹೈಡ್ರೊಜನ್ ಸಲ್ಫೈಡ್. ಬರಿ ಮಿಶ್ರಣಕ್ಕೆ ಆಮ್ಲ ಬಿಟ್ಟರೆ ಬರುವುದು ಜಲಜನಕ, ಕಡ್ಡಿ ಗೀರಿ ಹಿಡಿದರೆ 'ಪಟ್'. ಅದೇ ಕಬ್ಬಿಣ, ಅದೇ ಗಂಧಕ, ಆದರೆ ಗುಣವೇ ಬೇರೆ. ಹೈಡ್ರೊಜನ್ ಸಲ್ಫೈಡ್ ವಿಷ, ಹೆಚ್ಚಾದರೆ ಮೂಗನ್ನೇ ಮಂಕು ಮಾಡುತ್ತದೆ. ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ. ಆದ್ದರಿಂದ ಈ ಪೆಟ್ಟಿಗೆಯವರು ಆಮ್ಲ ಕೊಡದೆ, ಕಾಯಿಸುವ ಕೆಲಸವನ್ನು ತಾವೇ ಮುಗಿಸಿ, ಸಿದ್ಧ ಗಟ್ಟಿ ಕೊಟ್ಟದ್ದು ನನಗೆ ಸರಿಯೆನಿಸಿತು.

ಕೈಪಿಡಿ ಹೇಳುವುದಿಷ್ಟು: ಸೀಸೆಯ ಮೇಲೆ ಆಯಸ್ಕಾಂತ ಹಿಡಿಯಿರಿ, ಸಂಯುಕ್ತವನ್ನು ಅದು ಸೆಳೆಯುವುದಿಲ್ಲ.

ಹಿಡಿದಳು. ಗಟ್ಟಿ ಟಕ್ಕೆಂದು ಹಾರಿ ಗಾಜಿಗೆ ಅಂಟಿತು.

ಅವಳು ನನ್ನ ಮುಖ ನೋಡಿದಳು, ನಾನು ಗಟ್ಟಿಯ ಮುಖ ನೋಡಿದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ದೊಡ್ಡವರು 'ಅದು ಹಾಗೇ, ನೀನು ಪುಸ್ತಕದಲ್ಲಿದ್ದದ್ದು ಬರಿ' ಅನ್ನುತ್ತಾರೆ. ನಾನೂ ಲ್ಯಾಬಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೇಣ ಕೆರೆದು, ಗಟ್ಟಿ ಹೊರತೆಗೆದು, ಬಟ್ಟೆಯಲ್ಲಿ ಸುತ್ತಿ ಕುಟ್ಟಿದೆವು. ಪುಡಿಯ ಮೇಲೆ ಕಾಗದ ಸುತ್ತಿದ ಆಯಸ್ಕಾಂತ ಆಡಿಸಿದಾಗ ಬೂದು ಬಣ್ಣದ ಸಣ್ಣ ಚೂರುಗಳು ಎದ್ದು ಬಂದವು, ಕರಿ ಪುಡಿ ಬಹುಪಾಲು ಅಲ್ಲೇ ಉಳಿಯಿತು. ಅಂದರೆ 'ಸಂಯುಕ್ತ' ಎಂಬ ಚೀಟಿ ಹಚ್ಚಿದ ಸೀಸೆಯಲ್ಲಿ ಇದ್ದದ್ದು ಒಂದು ಮಿಶ್ರಣ: ಕಬ್ಬಿಣದ ಸಲ್ಫೈಡ್ ಮತ್ತು ಕೆಲಸವಿಲ್ಲದೆ ಉಳಿದುಕೊಂಡ ಕಬ್ಬಿಣ.

ಹೇಗಾಯಿತು ಎಂದು ನನ್ನದೊಂದು ಊಹೆ ಇದೆ. ಕಾರ್ಖಾನೆಯಲ್ಲೂ ಯಾರೋ ಆ ಪ್ಲಾಸ್ಟಿಕ್ ಚಮಚವನ್ನೇ ಬಳಸಿರಬೇಕು. ಒಂದು ಚಮಚ ಕಬ್ಬಿಣ, ಒಂದು ಚಮಚ ಗಂಧಕ. ಕಬ್ಬಿಣದ ಸಾಂದ್ರತೆ 7.9ರ ಹತ್ತಿರ, ಗಂಧಕದ್ದು 2ರ ಹತ್ತಿರ. ಚಮಚದಿಂದ ಸಮ ಸಮ ಅಳೆದರೆ ತೂಕದಲ್ಲಿ ಹೆಚ್ಚು ಕಡಿಮೆ ನಾಲ್ಕಕ್ಕೊಂದು. ಬೇಕಾದದ್ದು ಏಳಕ್ಕೆ ನಾಲ್ಕು. ಗಂಧಕ ತನಗೆ ಬೇಕಾದಷ್ಟು ಕಬ್ಬಿಣವನ್ನು ಲೆಕ್ಕ ಮಾಡಿ ತೆಗೆದುಕೊಳ್ಳುತ್ತದೆ, ಉಳಿದ ಅರ್ಧಕ್ಕಿಂತ ಹೆಚ್ಚನ್ನು ಹಾಗೇ ಬಿಟ್ಟುಬಿಡುತ್ತದೆ. ಮಿಶ್ರಣ ಮಾಡುವವನಿಗೆ ಚಮಚವೇ ಸಾಕು. ಸಂಯುಕ್ತ ಮಾಡುವವನು ತೂಗಬೇಕು.

ಇಲ್ಲೊಂದು ತಿರುವು ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಂಧಕ ಹೆಚ್ಚಾದರೂ ಪಾಠ ಪೂರ್ತಿ ಶುದ್ಧವಾಗಿ ಬರುವುದಿಲ್ಲ. ಕಬ್ಬಿಣದ ಸಲ್ಫೈಡ್ ತುಂಟ ಸಂಯುಕ್ತ. ಪಿರೊಟೈಟ್ ಎಂಬ ಖನಿಜದಲ್ಲಿ ಕಬ್ಬಿಣದ ಪರಮಾಣುಗಳ ಕೆಲವು ಜಾಗ ಖಾಲಿ ಇರುತ್ತವೆ, ಎಂಟರಲ್ಲಿ ಒಂದರವರೆಗೂ. ಅದನ್ನು ಆಯಸ್ಕಾಂತ ಮೆಲ್ಲಗೆ ಸೆಳೆಯುತ್ತದೆ ಕೂಡ. ಲೆಕ್ಕಕ್ಕೆ ಸರಿಯಾಗಿ ಒಂದಕ್ಕೊಂದು ಇರುವ ಟ್ರಾಯ್ಲೈಟ್ ಎಂಬ ಖನಿಜ ಹೆಚ್ಚಾಗಿ ಸಿಗುವುದು ಉಲ್ಕಾಶಿಲೆಗಳಲ್ಲಿ. ಸಂಯುಕ್ತಕ್ಕೆ ಪ್ರಮಾಣ ಸ್ಥಿರ ಎಂದು ತೋರಿಸಲು ಶಾಲೆಗಳು ಆರಿಸಿಕೊಂಡ ಉದಾಹರಣೆಯೇ ಆ ನಿಯಮಕ್ಕೆ ಪೂರ್ತಿ ಬಗ್ಗದ ವಸ್ತು ಅನ್ನುವುದು ನನಗೆ ಯಾವಾಗಲೂ ನಗು ತರಿಸುತ್ತದೆ.

ಈ ಜಗಳ ಹಳೆಯದು. ಫ್ರಾನ್ಸಿನ ರಸಾಯನ ವಿಜ್ಞಾನಿ ಬರ್ಥೊಲೆ, ಸಂಯುಕ್ತದಲ್ಲೂ ಪ್ರಮಾಣ ಆಚೀಚೆ ಆಗಬಹುದು ಎಂದ. ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದ ಜೋಸೆಫ್ ಪ್ರೂಸ್ಟ್ ಒಪ್ಪಲಿಲ್ಲ. 1799ರಲ್ಲಿ ಅವನು ತಾಮ್ರದ ಕಾರ್ಬೊನೇಟನ್ನು ತೂಗಿ, ಗಣಿಯಿಂದ ಬಂದದ್ದಾಗಲಿ ಲ್ಯಾಬಿನಲ್ಲಿ ಮಾಡಿದ್ದಾಗಲಿ ಅದರೊಳಗಿನ ಪಾಲುಗಳು ಒಂದೇ ಎಂದು ತೋರಿಸಿದ. ಬರ್ಥೊಲೆ ಮುಂದಿಟ್ಟ ಉದಾಹರಣೆಗಳಲ್ಲಿ ಹಲವು ಸಂಯುಕ್ತಗಳೇ ಅಲ್ಲ, ಮಿಶ್ರಣಗಳು ಎಂದ. ಗೆದ್ದದ್ದು ಪ್ರೂಸ್ಟ್. ಆದರೆ ಪಿರೊಟೈಟ್‌ನಂಥ ಆಚೀಚೆ ಆಗುವ ಸಂಯುಕ್ತಗಳಿಗೆ ಆಮೇಲೆ ಸೋತವನ ಹೆಸರನ್ನೇ ಇಟ್ಟರು, ಬರ್ಥೊಲೈಡ್ ಎಂದು. ಕೈಪಿಡಿಯಲ್ಲಿ ಇಬ್ಬರ ಹೆಸರೂ ಇಲ್ಲ. ಅವರ ಜಾಗದಲ್ಲಿ ಕನ್ನಡಕ ಹಾಕಿದ ಗೂಬೆಯ ಚಿತ್ರ ಇದೆ.

ಗಾಳಿ ಮಿಶ್ರಣ ಎಂದು ಹೇಳುವ ಪುಟದಲ್ಲೂ ಅಷ್ಟೇ, ವೃತ್ತದ ಚಿತ್ರ ಬರೆದು ಸಾರಜನಕ 78, ಆಮ್ಲಜನಕ 21, ಉಳಿದವು 1 ಎಂದು ಬಣ್ಣ ಹಚ್ಚಿ ಮುಗಿಸಿದ್ದಾರೆ. ಆ 'ಉಳಿದವು' ಹೇಗೆ ಸಿಕ್ಕಿತು ಎಂಬ ಕಥೆ ಅವಳಿಗೆ ನಾನೇ ಹೇಳಿದೆ. ರ‍್ಯಾಲೀ ಎಂಬಾತ ಗಾಳಿಯಿಂದ ತೆಗೆದ ಸಾರಜನಕವನ್ನೂ ಅಮೋನಿಯದಂಥ ಸಂಯುಕ್ತಗಳಿಂದ ತೆಗೆದ ಸಾರಜನಕವನ್ನೂ ತೂಗಿದ. ಲೀಟರಿಗೆ ಒಂದು 1.257 ಗ್ರಾಂ, ಇನ್ನೊಂದು 1.250 ಚಿಲ್ಲರೆ. ಬೇರೆಯವರಾಗಿದ್ದರೆ ತಪ್ಪು ತೂಕ ಎಂದು ಬಿಟ್ಟುಬಿಡುತ್ತಿದ್ದರು. ಅವನು ಬಿಡಲಿಲ್ಲ. 1894ರಲ್ಲಿ ರಾಮ್ಸೆ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಆ ಚಿಲ್ಲರೆ ವ್ಯತ್ಯಾಸದೊಳಗಿಂದ ಆರ್ಗಾನ್ ಎಂಬ ಅನಿಲವನ್ನು ಹೊರತೆಗೆದ. ಸಂಯುಕ್ತದಿಂದ ಬಂದದ್ದು ಬರಿ ಸಾರಜನಕ, ಗಾಳಿಯಿಂದ ಬಂದದ್ದು ಇನ್ನೂ ಮಿಶ್ರಣವೇ ಆಗಿತ್ತು. ಅದನ್ನು ಕಂಡದ್ದು ಕಣ್ಣಲ್ಲ, ತಕ್ಕಡಿ.

ನವಸಾಗರ ಕಾಯಿಸಿ ಮರಳಿನಿಂದ ಬೇರ್ಪಡಿಸುವ ಪ್ರಯೋಗವನ್ನು 'ಭೌತಿಕ ವಿಧಾನ' ಎಂದು ಕರೆದಿದ್ದಾರೆ. ನೋಡಲು ಚಂದ, ಆಲಿಕೆಯ ಒಳಮೈಯಲ್ಲಿ ಬಿಳಿ ಮಂಜು ಕೂರುತ್ತದೆ. ನಿಜದಲ್ಲಿ ಕಾಯಿಸಿದಾಗ ಅದು ಅಮೋನಿಯ ಮತ್ತು ಹೈಡ್ರೊಜನ್ ಕ್ಲೋರೈಡ್ ಆಗಿ ಒಡೆದು, ತಣ್ಣಗಾದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅಂದರೆ ಮಿಶ್ರಣ ಬಿಡಿಸುವ ನೆಪದಲ್ಲಿ ಸಂಯುಕ್ತವೊಂದನ್ನೇ ಒಡೆದು ಕಟ್ಟಿದ ಹಾಗೆ. ಇದಕ್ಕೆ ನಾನು ಅಂಕ ಕಳೆಯುವುದಿಲ್ಲ, ಎಷ್ಟೋ ಪಠ್ಯಪುಸ್ತಕಗಳೂ ಹೀಗೇ ಬರೆದಿವೆ.

ಅಂಕ ಎಂದರೆ ಐದಕ್ಕೆ ಮೂರು. ಗಾಜಿನ ಸಾಮಾನಿಗೆ ಒಂದು, ಬೇರ್ಪಡಿಸುವ ಪ್ರಯೋಗಗಳಿಗೆ ಒಂದು, ಇನ್ನೊಂದು ಆ ಸುಳ್ಳು ಸೀಸೆಗೆ. ಅದು ಸುಳ್ಳು ಹೇಳದೆ ಇದ್ದಿದ್ದರೆ ನಾವು ಅದನ್ನು ಕುಟ್ಟುತ್ತಲೇ ಇರಲಿಲ್ಲ. ಕೊಳ್ಳುವವರು ಇದರ ಜೊತೆಗೆ ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯನ್ನೂ ಕೊಳ್ಳಿ. ಉಪ್ಪು ಹಾಕಿದ ವಿದ್ಯುದ್ವಿಭಜನೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಮೈಲುತುತ್ತ ಮುಟ್ಟಿದ ಕೈ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ತಕ್ಕಡಿ ಮೂರನೇ ಭಾನುವಾರಕ್ಕೆ ಬಂತು. ಕೈಪಿಡಿಯಲ್ಲಿ ಮೈಲುತುತ್ತ ಇರುವುದು ಬರಿ ಹರಳು ಬೆಳೆಸಲು. ನಾವು ಅದನ್ನು ತೂಗಿದೆವು, ಚೀನಾ ಡಿಶ್‌ನಲ್ಲಿ ಸರಿಯಾಗಿ 2.50 ಗ್ರಾಂ. ಆ ನೀಲಿ ಹರಳಿನೊಳಗೆ ನೀರಿದೆ, ಒದ್ದೆ ಬಟ್ಟೆಯಲ್ಲಿರುವ ಹಾಗೆ ಸಿಕ್ಕಷ್ಟಲ್ಲ, ಪ್ರತಿ ತಾಮ್ರದ ಸಲ್ಫೇಟಿಗೆ ಎಣಿಸಿ ಐದು ನೀರಿನ ಅಣು. ತೂಕದಲ್ಲಿ ನೂರಕ್ಕೆ 36. ಪೂರ್ತಿ ಹೋದರೆ 1.60 ಗ್ರಾಂ ಉಳಿಯಬೇಕು ಎಂದು ಅವಳೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದಿಟ್ಟಳು. ಸಣ್ಣ ಉರಿಯಲ್ಲಿ ಕಾಯಿಸಿದೆವು. ನೀಲಿ ಅಂಚಿನಿಂದ ಮಾಸುತ್ತಾ ಬಂದು ಬೂದು ಬಿಳಿಯಾಯಿತು. ತಣಿಸಿ ತೂಗಿದರೆ 1.66.

"ತಪ್ಪಾಯ್ತಾ ತಾತ?"

"ತಪ್ಪಲ್ಲ, ಇನ್ನೂ ಮುಗಿದಿಲ್ಲ."

ಇನ್ನೊಮ್ಮೆ ಕಾಯಿಸಿದಳು, 1.61. ಮತ್ತೊಮ್ಮೆ, 1.60. ನಾಲ್ಕನೇ ಸಲವೂ ಕಾಯಿಸಲು ಹೊರಟವಳನ್ನು ತಡೆಯಲಿಲ್ಲ. 1.60.